ನೀರೊಳಗೆ ಇಟ್ಟ ಚಾಕು

ಬೆಳಿಗ್ಗೆ ಕೋಳಿ ಫ್ಯಾಕ್ಟರಿಯ ವ್ಯಾನು ಊರ ಮುಂದೆ ನಿಂತು ಹಾರನ್ ಹೊಡೆದರೆ ಸಾಕು, ಭೂತಮ್ಮನ ಮನೆಯಿಂದ ಇಬ್ಬರು ಸೊಸೆಯರು ಓಡಿ ಬರುತ್ತಿದ್ದರು. ದೊಡ್ಡವಳು ಪುಷ್ಪಾ, ಚಿಕ್ಕವಳು ನಯನಾ. ಒಬ್ಬಳ ಕೈಯಲ್ಲಿ ಇಬ್ಬರ ಬುತ್ತಿ, ಇನ್ನೊಬ್ಬಳ ಕೈಯಲ್ಲಿ ಇಬ್ಬರ ಸ್ವೆಟರ್. ವ್ಯಾನಿನಲ್ಲಿದ್ದ ಹೆಂಗಸರು ದಿನವೂ ಕೆಣಕುತ್ತಿದ್ದರು.

"ನೀವು ವಾರಗಿತ್ತೀರಾ, ಇಲ್ಲಾ ಒಂದೇ ತಾಯಿ ಮಕ್ಕಳಾ? ನಮ್ಮನೇಲೂ ಹಿಂಗಿದ್ದಿದ್ರೆ ನಾನ್ಯಾಕೆ ಬೇರೆ ಒಲೆ ಹೂಡ್ತಿದ್ದೆ ಮಾರಾಯ್ತಿ!"

"ನಿನ್ನ ಬಾಯಿ ನೋಡಿದ್ರೆ ಒಲೇನೇ ಓಡೋಗುತ್ತೆ ಬುಡು" ಎಂದು ನಯನಾ ನಗಿಸುತ್ತಿದ್ದಳು. ಪುಷ್ಪಾ ಹೆಚ್ಚು ಮಾತಾಡುವವಳಲ್ಲ. ಆದರೆ ಆ ಮಾತು ಕೇಳಿದಾಗ ಅವಳಿಗೆ ಒಳಗೊಳಗೇ ಹೆಮ್ಮೆ.

ಆ ಹೆಮ್ಮೆಯ ಹಿಂದೆ ಅತ್ತೆಯ ಒಂದು ಕಟ್ಟಳೆ ಇತ್ತು. ಉಪ್ಪು, ಮೆಣಸಿನಕಾಯಿ, ಚಾಕು, ಈ ಮೂರನ್ನು ಕೈಯಿಂದ ಕೈಗೆ ಕೊಡಬಾರದು. ಕೊಟ್ಟರೆ ಜಗಳ ಹತ್ತುತ್ತದೆ. ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ನಯನಾ ಮದುವೆಯಾಗಿ ಬಂದ ಹೊಸದರಲ್ಲಿ ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಮನೆ ಎರಡಾಗುವುದರಲ್ಲಿತ್ತು. ಆಗ ಭೂತಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಳು. ಅಂದಿನಿಂದ ಇಬ್ಬರೂ ಅದನ್ನು ತಪ್ಪಿಸಿದವರಲ್ಲ. ಜಗಳವೂ ನಿಂತಿತ್ತು. ನಿಂತದ್ದು ಕಟ್ಟಳೆಯಿಂದಲೋ, ಇಬ್ಬರಿಗೂ ಬುದ್ಧಿ ಬಲಿತದ್ದರಿಂದಲೋ, ಯಾರು ಬಲ್ಲರು?

ಹಿಂದೆ ಇಬ್ಬರೂ ಯಸಳೂರು ಕಡೆಯ ಎಸ್ಟೇಟಿಗೆ ಕೆಲಸಕ್ಕೆ ಹೋಗುತ್ತಿದ್ದರು. ಕಾಫಿ ಹಣ್ಣು ಕುಯ್ಯುವುದು ಮುಗಿದ ಮೇಲೆ ಕೆಲಸ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಬಾಳ್ಳುಪೇಟೆಯ ಆಚೆ ಕೋಳಿ ಫ್ಯಾಕ್ಟರಿ ಶುರುವಾದಾಗ ವರ್ಷವಿಡೀ ಕೆಲಸ ಸಿಕ್ಕಿತು. ಅಲ್ಲಿ ಕೋಳಿಯ ಪುಕ್ಕ ಬಿಡಿಸುವುದು ಯಂತ್ರ. ಶುಚಿಯಾಗಿ ಬಂದ ಕೋಳಿಯನ್ನು ತುಂಡು ಮಾಡುವುದು ಹೆಂಗಸರು. ಉದ್ದನೆಯ ಸ್ಟೀಲ್ ಮೇಜು, ಮೈ ನಡುಗಿಸುವ ತಣ್ಣನೆ ಕೋಣೆ. ಮೇಜಿನ ನಡುವೆ ಐಸ್ ನೀರು ತುಂಬಿದ ಟಬ್. ಕತ್ತರಿಸಿದ ತುಂಡುಗಳು ಅದಕ್ಕೆ ಬೀಳಬೇಕು.

ಕೆಲಸಕ್ಕೆ ಸೇರಿದ ದಿನವೇ ಸೂಪರ್‌ವೈಸರ್ ರವಿಚಂದ್ರ ಹೇಳಿದ್ದ: "ನೋಡ್ರಮ್ಮ, ಚಾಕು ಕೈಯಲ್ಲಿರ್ಬೇಕು, ಇಲ್ಲಾ ಸ್ಟ್ಯಾಂಡಲ್ಲಿರ್ಬೇಕು. ಬೇರೆ ಎಲ್ಲೂ ಇಡಂಗಿಲ್ಲ."

"ಆಯ್ತು ಸಾರ್" ಅಂದಿದ್ದರು ಎಲ್ಲರೂ. ಸ್ಟ್ಯಾಂಡ್ ಇದ್ದದ್ದು ಬಾಗಿಲ ಪಕ್ಕದ ಗೋಡೆಯಲ್ಲಿ, ಇಡೀ ಕೋಣೆಗೆ ಒಂದೇ. ಒಂದೊಂದು ಸಲಕ್ಕೂ ಅಲ್ಲಿಗೆ ಹೋಗಿ ಬರುವವರು ಯಾರು? ರವಿಚಂದ್ರನೂ ಆಮೇಲೆ ಕೇಳಲಿಲ್ಲ.

ಸಾಣೆ ಹಿಡಿದ ಹೊಸ ಚಾಕು ಮೇಜಿಗೆ ಒಂದೋ ಎರಡೋ ಬರುತ್ತಿತ್ತು. ಕಾಲಿನ ಕೀಲು ಬಿಡಿಸಲು ಪುಷ್ಪಾಳಿಗೆ ಅದು ಬೇಕು. ಎದೆಯ ಭಾಗ ಸೀಳಲು ಎದುರಿಗಿದ್ದ ನಯನಾಳಿಗೂ ಅದೇ ಬೇಕು. ಮೊದಲ ದಿನ ಪುಷ್ಪಾ ಚಾಕು ಚಾಚಿದಾಗ ನಯನಾ ಕೈ ಹಿಂದಕ್ಕೆ ಎಳೆದುಕೊಂಡಳು.

"ಅಯ್ಯೋ ಕೈಗೆ ಕೊಡ್ಬೇಡ ಕಣಕ್ಕ! ಅತ್ತೆಗೆ ಗೊತ್ತಾದ್ರೆ ಅಷ್ಟೇ. ಟಬ್ಬೊಳಗೆ ಇಡು, ನಾನು ತಗೋತೀನಿ."

ಮೇಜಿನ ಮೇಲಿಟ್ಟರೆ ಚಾಕು ಜಾರಿ ಕಾಲ ಮೇಲೆ ಬೀಳುತ್ತಿತ್ತು. ಹಾಗಾಗಿ ಟಬ್ಬೇ ಸರಿ ಅನ್ನಿಸಿತು. ಪುಷ್ಪಾ ಹಿಡಿಕೆ ಮೇಲೆ ಕಾಣುವಂತೆ ಟಬ್ಬಿನ ಅಂಚಿಗೆ ಒರಗಿಸಿ ಇಡುತ್ತಿದ್ದಳು. ನಯನಾ ಎತ್ತಿಕೊಳ್ಳುತ್ತಿದ್ದಳು. ಕೆಲಸ ಮುಗಿದರೆ ಮತ್ತೆ ಅಲ್ಲೇ. ಪಕ್ಕದವರೂ ನೋಡಿ ಕಲಿತರು. ಎಲ್ಲರ ಮನೆಯಲ್ಲೂ ಅದೇ ಕಟ್ಟಳೆ ಇತ್ತಲ್ಲ!

ಅದೊಂದು ಶನಿವಾರ. ಭಾನುವಾರದ ಮಾಂಸಕ್ಕೆ ಎಲ್ಲೆಲ್ಲಿಂದಲೋ ಆರ್ಡರ್. ಲಾರಿ ಹೊರಗೆ ಕಾಯುತ್ತಿತ್ತು. ಯಾರೋ ಬಂದು ಟಬ್ಬಿಗೆ ಹೊಸ ಐಸ್ ಸುರಿದರು. ಪುಷ್ಪಾ ಇಟ್ಟಿದ್ದ ಚಾಕು ಆ ಭಾರಕ್ಕೆ ಒಳಗೆ ಜಾರಿತು. ಅಲಗು ಮೇಲಾಗಿ ನಿಂತಿತು. ಕೊಬ್ಬು ತೇಲುವ ಆ ಮಬ್ಬು ನೀರಿನಲ್ಲಿ ಏನೂ ಕಾಣುವುದಿಲ್ಲ. ನಯನಾ ಬಲಗೈ ಹಾಕಿ ತಡಕಿದಳು.

ಅವಳು ಕಿರುಚಲಿಲ್ಲ. ಐಸ್ ನೀರಿನಲ್ಲಿ ಮರಗಟ್ಟಿದ ಕೈಗೆ ನೋವು ಕೂಡಲೇ ತಿಳಿಯುವುದಿಲ್ಲ. ನೀರು ಕೆಂಪಾಗುವುದನ್ನು ಮೊದಲು ಕಂಡವಳು ಪುಷ್ಪಾ.

"ನಯನಾ, ಕೈ ತೆಗಿಯೇ! ಕೈ ತೆಗಿ!"

ರಬ್ಬರ್ ಗ್ಲೌಸು ಸೀಳಿಹೋಗಿತ್ತು. ಹೆಬ್ಬೆರಳಿನ ಒಳಬದಿ, ಗೆಣ್ಣಿನ ಹತ್ತಿರ ಗಾಯ. ನೋಡಲು ಅಷ್ಟೇನೂ ದೊಡ್ಡದಲ್ಲ. ರಕ್ತ ಮಾತ್ರ ಬಿಡದೆ ಸುರಿಯುತ್ತಿತ್ತು. ಪುಷ್ಪಾ ಅವಳನ್ನು ಕ್ಯಾಂಟೀನಿಗೆ ಎಳೆದುಕೊಂಡು ಓಡಿದಳು. ಅಲ್ಲಿದ್ದ ಡಬ್ಬಿ ತೆಗೆದು ಗಾಯದ ತುಂಬ ಕಾಫಿಪುಡಿ ಒತ್ತಿದಳು. ತನ್ನ ಕರವಸ್ತ್ರ ಹರಿದು ಬಿಗಿಯಾಗಿ ಕಟ್ಟಿದಳು. ಕಾಫಿ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಸ್ವಲ್ಪ ಹೊತ್ತಿಗೆ ರಕ್ತ ನಿಂತಿತು.

ರವಿಚಂದ್ರ ಓಡಿ ಬಂದ. "ಆಸ್ಪತ್ರೆಗೆ ಹೋಗ್ತೀರಾ?" ಎಂದು ಕೇಳಿದ.

ನಯನಾ ಪುಷ್ಪಾಳ ಮುಖ ನೋಡಿದಳು. ಪುಷ್ಪಾ ಹೊರಗೆ ಕಾಯುತ್ತಿದ್ದ ಲಾರಿ ನೋಡಿದಳು.

"ಬೇಡ ಸಾರ್, ರಕ್ತ ನಿಂತೋಯ್ತಲ್ಲ" ಅಂದಳು.

ಆಮೇಲೆ ಎಷ್ಟೋ ಸಲ ಪುಷ್ಪಾ ಆ ಮಾತನ್ನು ಮನಸ್ಸಿನಲ್ಲೇ ಬದಲಿಸಿ ಹೇಳಿ ನೋಡಿದಳು. "ಹೂಂ ಸಾರ್, ಹೋಗಾಣ" ಎಂದು. ಎಷ್ಟು ಸಣ್ಣ ಮಾತು! ಆ ಹೊತ್ತಿಗೆ ಬಾಯಿಗೆ ಬರಲಿಲ್ಲ.

ಮನೆಯಲ್ಲಿ ಭೂತಮ್ಮ ಕಟ್ಟು ನೋಡಿ ತಲೆಯಾಡಿಸಿದಳು. "ಪುಷ್ಪಾ ಒಳ್ಳೆ ಕೆಲ್ಸ ಮಾಡವ್ಳೆ. ನಾವು ಎಸ್ಟೇಟಲ್ಲಿ ಕೊಂಬೆ ಸವರೋವಾಗ ಕತ್ತಿ ತಗುಲುಸ್ಕೊಂಡ್ರೆ ಯಾವ ಆಸ್ಪತ್ರೆ ನೋಡಿದ್ವಿ? ಲೆಕ್ಕ ಬರೆಯೋ ರೈಟ್ರು ಸ್ಟೋರಿಂದ ಒಂದು ಹಿಡಿ ಕಾಫಿಪುಡಿ ಕೊಡೋರು. ಮಾರನೇ ದಿನ ಮತ್ತೆ ಕೆಲ್ಸ."

ನಯನಾಳ ಗಂಡ ಧರ್ಮ, "ಸದ್ಯ, ಫ್ಯಾಕ್ಟ್ರಿ ಪುಡಿ ಖರ್ಚಾಯ್ತು, ನಮ್ಮನೇದು ಉಳೀತು" ಎಂದು ಹೆಂಡತಿಯನ್ನು ನಗಿಸಲು ನೋಡಿದ. ನಯನಾ ನಕ್ಕಳು ಕೂಡ.

ಸೋಮವಾರ ಪುಷ್ಪಾ ಒಬ್ಬಳೇ ಕೆಲಸಕ್ಕೆ ಹೋದಳು. ನಯನಾಳ ಕೈ ಊದಿತ್ತು. "ಬಾವು ಇಳಿದ ಮೇಲೆ ಬರ್ತಾಳೆ" ಅಂದುಕೊಂಡಳು. ಮಂಗಳವಾರ ಕಟ್ಟಿನಿಂದ ವಾಸನೆ ಬರತೊಡಗಿತು. ಭೂತಮ್ಮ ಅರಿಸಿನ ಹಚ್ಚಿ ಬೇರೆ ಬಟ್ಟೆ ಕಟ್ಟಿದಳು.

ಬುಧವಾರ ಸಂಜೆ ಪುಷ್ಪಾ ವ್ಯಾನಿನಿಂದ ಇಳಿದು ಬರುವಾಗ ಆಶಾ ಕಾರ್ಯಕರ್ತೆ ಮಧುಶ್ರೀ ಮನೆಯ ಅಂಗಳದಲ್ಲಿದ್ದಳು. ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿ ಇವೆಯಾ ಎಂದು ಮನೆಮನೆಗೆ ನೋಡಿಕೊಂಡು ಬಂದಿದ್ದಳು. ನಯನಾ ಎಡಗೈಯಲ್ಲಿ ನೀರು ತಂದುಕೊಟ್ಟಳು.

"ಬಲಗೈಗೆ ಏನಾಯ್ತೆ?"

"ಏನಿಲ್ಲಕ್ಕ, ಚಾಕು ತಾಗ್ತು."

"ಬಿಚ್ಚು, ನೋಡಾಣ."

"ಬಿಚ್ಚಿದ್ರೆ ಗಾಳಿ ಹೊಡೀತದೆ ಕಣವ್ವ" ಎಂದು ಭೂತಮ್ಮ ಅಡ್ಡ ಬಂದಳು.

"ಗಾಳಿ ಹೊಡೆಯಾಕೆ ಏನುಳ್ದಿದೆ ದೊಡ್ಡವ್ವ? ಬಾಗ್ಲಿಂದ್ಲೇ ವಾಸ್ನೆ ಬರ್ತಾ ಐತೆ" ಎಂದು ಮಧುಶ್ರೀ ಕಟ್ಟು ಬಿಚ್ಚಿದಳು. ಅರಿಸಿನ, ಕಾಫಿಪುಡಿ, ಕೀವು ಎಲ್ಲ ಸೇರಿ ಕೆಸರಾಗಿತ್ತು. ಮಧುಶ್ರೀ ಬೈಯಲಿಲ್ಲ. ಮೆಲ್ಲಗೆ ಹೇಳಿದಳು: "ನಯನಾ, ಹೆಬ್ಬೆರಳ ತುದಿ ಮಡಚು."

ನಯನಾ ಮಡಚಿದಳು. ಬೆರಳು ನೆಟ್ಟಗೇ ಇತ್ತು.

"ಮಡಚೇ."

"ಮಡಚ್ತಾ ಇದೀನಲ್ಲಕ್ಕ."

ಅವಳ ಮುಖ ಬಿಗಿಯಿತು. ಹುಬ್ಬು ಗಂಟಾಯಿತು. ಉಳಿದ ನಾಲ್ಕು ಬೆರಳೂ ಅಲುಗಿದವು. ಹೆಬ್ಬೆರಳ ತುದಿ ಮಾತ್ರ ಯಾರದೋ ಬೆರಳಿನಂತೆ ಸುಮ್ಮನೆ ನಿಂತಿತ್ತು. ಪುಷ್ಪಾಳ ಕೈಯಿಂದ ಬುತ್ತಿ ಕೆಳಗೆ ಬಿತ್ತು.

"ಬಾವು ಬಂದಿರಾದಕ್ಕೆ ಹಂಗಾಗೈತೆ. ಎಣ್ಣೆ ತಿಕ್ಕಿದ್ರೆ ಸರಿಹೋಗುತ್ತೆ" ಎಂದಳು ಭೂತಮ್ಮ. ಆದರೆ ಅವಳ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ಇಲ್ಲ ದೊಡ್ಡವ್ವ. ಬೆರಳನ್ನ ಎಳೆಯೋ ಹುರಿ ಒಳಗೆ ತುಂಡಾಗೈತೆ ಅನ್ಸುತ್ತೆ. ಸೈಕಲ್ ಬ್ರೇಕಿನ ವಯರ್ ತುಂಡಾದ್ರೆ ಹಿಡಿಕೆ ಎಷ್ಟು ಒತ್ತಿದ್ರೂ ಬ್ರೇಕ್ ಹಿಡಿಯುತ್ತಾ? ಹಂಗೆ. ರಕ್ತ ನಿಂತ್ರೆ ಗಾಯ ವಾಸಿ ಅಂತಲ್ಲ. ಈಗ್ಲೇ ಹಾಸನಕ್ಕೆ ಹೊರಡಿ."

ಧರ್ಮ ಅಷ್ಟರಲ್ಲಿ ಬಂದಿದ್ದ. ಅವನಿಗೆ ಬೇರೆ ಹೆದರಿಕೆ. "ಅಲ್ಲಿ ಕೇಳಿದ್ರೆ ಮನೇಲಿ ಮೀನು ಕುಯ್ಯೋವಾಗ ಆಯ್ತು ಅನ್ನಾಣ. ಫ್ಯಾಕ್ಟ್ರಿ ಹೆಸ್ರು ಬಂದ್ರೆ ಇಬ್ರನ್ನೂ ಕೆಲ್ಸದಿಂದ ತೆಗೆದ್ರೆ?"

"ಸುಳ್ಳು ಹೇಳಿ ಯಾರನ್ನ ಕಾಪಾಡ್ತೀಯ ಧರ್ಮ?" ಎಂದಳು ಮಧುಶ್ರೀ. "ಹಸಿ ಕೋಳಿ ನೀರಲ್ಲಿ ಆದ ಗಾಯ ಅಂತ ಗೊತ್ತಾದ್ರೆ ತಾನೆ ಡಾಕ್ಟ್ರು ಅದಕ್ಕೆ ತಕ್ಕ ಔಷಧಿ ಕೊಡಾದು? ಅದೂ ಅಲ್ದೆ, ಇವರ ಸಂಬಳದಲ್ಲಿ ತಿಂಗ್ಳಾ ತಿಂಗ್ಳಾ ಇಎಸ್‌ಐ ಅಂತ ಹಿಡೀತಾರೆ. ಅದು ಇರಾದೇ ಇಂಥ ದಿನಕ್ಕೆ. ಕೆಲ್ಸದ ಜಾಗದಲ್ಲಿ ಪೆಟ್ಟಾದ್ರೆ ಚಿಕಿತ್ಸೆನೂ ಸಿಗುತ್ತೆ, ಮನೇಲಿ ಕೂತ ದಿನಕ್ಕೆ ಪರಿಹಾರಾನೂ ಸಿಗುತ್ತೆ. ಮನೇಲಿ ಆಯ್ತು ಅಂತ ಬರೆಸಿಬುಟ್ರೆ ಆ ಪರಿಹಾರ ಕೈಬಿಟ್ಟೋಗುತ್ತೆ. ಇದ್ದದ್ದು ಇದ್ದಂಗೆ ಹೇಳಿ. ಫ್ಯಾಕ್ಟ್ರಿಗೂ ಈಗ್ಲೇ ಫೋನ್ ಮಾಡಿ ತಿಳಿಸಿ."

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದಾಗ ಧರ್ಮ ನೆಲ ನೋಡಿದ. ನಯನಾಳೇ ಹೇಳಿದಳು. ಫ್ಯಾಕ್ಟರಿಯಲ್ಲಿ, ಟಬ್ಬಿನೊಳಗಿದ್ದ ಚಾಕು ತಾಗಿ. ಡಾಕ್ಟರು ಗಾಯ ತೊಳೆಸಿ, ಇಂಜೆಕ್ಷನ್ ಕೊಡಿಸಿ, ಕನ್ನಡಕ ತೆಗೆದು, ಜೊತೆಗೆ ಬಂದಿದ್ದ ಪುಷ್ಪಾಳ ಕಡೆ ತಿರುಗಿದರು.

"ಅವತ್ತೇ ಬಂದಿದ್ರೆ ತೊಳೆದು, ತುಂಡಾದ ಹುರಿಯ ಎರಡು ತುದಿ ಹಿಡಿದು ಹೊಲಿಯೋದು ಸುಲಭ ಇತ್ತಮ್ಮ. ಈಗ ಒಂದು ತುದಿ ಅಂಗೈ ಕಡೆಗೆ ಸರ್ಕೊಂಡಿದೆ. ಮೇಲೆ ಕೀವು ಬೇರೆ. ಮೊದ್ಲು ಕೀವು ವಾಸಿ ಆಗ್ಬೇಕು. ಆಮೇಲೆ ಆಪರೇಷನ್. ಎಷ್ಟು ಬಗ್ಗುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ."

"ಕಾಫಿಪುಡಿ ನಾನೇ ಹಾಕಿದ್ದು ಸಾರ್" ಎಂದಳು ಪುಷ್ಪಾ.

"ರಕ್ತ ನಿಲ್ಲಿಸಬೇಕು ಅಂತ ಹಾಕಿದ್ರಿ. ಶುದ್ಧ ಬಟ್ಟೆ ಒತ್ತಿಹಿಡಿದು, ಕೈ ಮೇಲೆತ್ತಿ ಹಿಡ್ಕೊಂಡಿದ್ರೂ ರಕ್ತ ನಿಲ್ತಿತ್ತು. ಪುಡಿ ಹಾಕಿದ್ರೆ ಗಾಯದೊಳಗೆ ಕೊಳೆ ಹೋಗುತ್ತೆ." ಅವರು ಗದರಲಿಲ್ಲ. ಗದರಿದ್ದರೆ ಪುಷ್ಪಾಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಆಪರೇಷನ್ ಆಯಿತು. ಕಟ್ಟು ಬಿಚ್ಚಿದ ಮೇಲೆ ದಿನವೂ ಕೈಗೆ ವ್ಯಾಯಾಮ. ಹೆಬ್ಬೆರಳು ಅರ್ಧ ಬಗ್ಗಿತು. ಅರ್ಧಕ್ಕೇ ನಿಂತಿತು.

ಹೆಬ್ಬೆರಳಿಗೆ ಎಷ್ಟು ಕೆಲಸ ಇದೆಯೆಂದು ಆ ಮನೆಯವರಿಗೆ ಆಗ ತಿಳಿಯಿತು. ಬೀಗ ತಿರುಗಿಸಲು ಅದು ಬೇಕು. ಮಗುವಿನ ಅಂಗಿಯ ಗುಂಡಿ ಹಾಕಲು ಬೇಕು. ಕಾಫಿ ಹಣ್ಣು ಗೊಂಚಲಿನಿಂದ ಬಿಡಿಸಲೂ ಬೇಕು. ಹಾಗಾಗಿ ಫ್ಯಾಕ್ಟರಿ ಬಿಟ್ಟು ಎಸ್ಟೇಟಿಗೆ ಮರಳುವ ದಾರಿಯೂ ನಯನಾಳಿಗೆ ಮುಚ್ಚಿತ್ತು.

ಒಂದು ದಿನ ಊಟಕ್ಕೆ ಕುಳಿತಾಗ ನಯನಾಳ ಕೈಯಿಂದ ಮುದ್ದೆ ಮೂರು ಸಲ ಜಾರಿತು. ಪುಷ್ಪಾ ತಾನೇ ಮುರಿದು ಅವಳ ತಟ್ಟೆಗೆ ಹಾಕಲು ಹೋದಳು. ನಯನಾ ತಟ್ಟೆ ತಳ್ಳಿಬಿಟ್ಟಳು.

"ಈಗ ತಿನ್ಸಾಕೆ ಬರ್ತೀಯ! ಅವತ್ತು ಆಸ್ಪತ್ರೆ ಬೇಡ ಅಂದೋಳು ನೀನೇ ತಾನೆ?"

ಮನೆಯಲ್ಲಿ ಎಷ್ಟೋ ವರ್ಷಗಳಿಂದ ಏಳದ ದನಿ ಅದು. ಭೂತಮ್ಮ ಅನ್ನದ ಪಾತ್ರೆ ಹಿಡಿದು ಹಾಗೇ ನಿಂತಳು. ಪುಷ್ಪಾ ತಟ್ಟೆಯನ್ನು ಮತ್ತೆ ಅವಳ ಹತ್ತಿರ ಸರಿಸಿದಳು. ಸ್ವಲ್ಪ ಹೊತ್ತಾದ ಮೇಲೆ ನಯನಾಳೇ ಅಳತೊಡಗಿದಳು. "ಟಬ್ಬಲ್ಲಿ ಇಡು ಅಂದೋಳು ನಾನೇ ಕಣಕ್ಕ. ನಿನ್ನ ಯಾಕೆ ಬೈತಾ ಇದೀನಿ ನಾನು?"

"ಬಯ್ಯಿ" ಎಂದಳು ಪುಷ್ಪಾ. "ನೀನು ಬಯ್ದಿದ್ದಕ್ಕೆ ನಂಗೆ ಉಸಿರು ಬಂದಂಗಾಯ್ತು."

ಭೂತಮ್ಮ ಪಾತ್ರೆ ಕೆಳಗಿಟ್ಟು ಇಬ್ಬರ ನಡುವೆ ಕುಳಿತಳು. "ನಾನು ಕೆಳಗಿಡಿ ಅಂದಿದ್ದೆ. ಕಾಣದ ಜಾಗದಲ್ಲಿ ಇಡಿ ಅಂದಿರ್ಲಿಲ್ವಲ್ಲ ಕಣ್ರವ್ವ. ಅಷ್ಟೂ ಬಿಡ್ಸಿ ಹೇಳ್ಬೇಕಿತ್ತು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?" ಸ್ವಲ್ಪ ತಡೆದು, "ಅರಿಸಿನ ಹಚ್ಚಿದ್ದು ನಾನು. ಎಣ್ಣೆ ತಿಕ್ಕು ಅಂದಿದ್ದೂ ನಾನೇ" ಎಂದಳು.

ಮರುದಿನ ಪುಷ್ಪಾ ವ್ಯಾನಿನಲ್ಲಿ ಬಾಯಿ ತೆರೆದಳು. ಯಾವತ್ತೂ ಕಿಟಕಿಯಾಚೆ ನೋಡಿಕೊಂಡು ಕೂರುವವಳು ಮಾತಾಡಿದ್ದು ಕೇಳಿ ಎಲ್ಲರೂ ಅವಳ ಕಡೆ ತಿರುಗಿದರು.

"ಒಂದೊಂದು ಮೇಜಿಗೂ ಸ್ಟ್ಯಾಂಡ್ ಕೇಳಾಣ. ಒಬ್ಬೊಬ್ರಿಗೂ ಸಾಣೆ ಹಿಡಿದ ಚಾಕು ಕೇಳಾಣ. ಹಂಚ್ಕೊಳ್ಳೋ ಹಂಗೇ ಇರ್ಬಾರದು."

"ಕೇಳಿದ್ರೆ ಕೊಡ್ತಾರಾ? ಕೆಲ್ಸ ಇಷ್ಟ ಇಲ್ಲಾಂದ್ರೆ ಮನೇಗ್ ಹೋಗಿ ಅಂತಾರೆ" ಎಂದಳು ಒಬ್ಬಳು.

"ಒಬ್ಳು ಕೇಳಿದ್ರೆ ಅಂತಾರೆ. ಎಲ್ರೂ ಒಟ್ಟಿಗೆ ಕೇಳಿದ್ರೆ ಎಷ್ಟು ಜನಾನ ಮನೇಗೆ ಕಳಿಸ್ತಾರೆ? ಲಾರಿ ಯಾರು ತುಂಬ್ಸೋರು?" ಎಂದಳು ಮೊದಲು ಒಲೆಯ ಮಾತಾಡುತ್ತಿದ್ದ ಹೆಂಗಸು. ಅಂದು ಅವಳು ನಗಲಿಲ್ಲ.

ಎಲ್ಲರೂ ಕೆಲಸ ಶುರುವಾಗುವ ಮೊದಲೇ ರವಿಚಂದ್ರನ ಮುಂದೆ ಹೋಗಿ ನಿಂತರು. ಪುಷ್ಪಾ ಎಲ್ಲರ ಪರವಾಗಿ ಕೇಳಿದಳು.

"ಅವತ್ತು ನಾನು ಹೋಗ್ತೀರಾ ಅಂತ ಕೇಳ್ಬಾರ್ದಿತ್ತು ಪುಷ್ಪಮ್ಮ. ಗಾಡಿ ಹತ್ತಿ ಅಂತ ಕಳಿಸ್ಬೇಕಿತ್ತು. ಲೋಡ್ ತಡ ಆಗುತ್ತೆ ಅಂತ ನಂಗೂ ಮನಸ್ಸೊಳಗೆ ಇತ್ತು" ಅಂದ ರವಿಚಂದ್ರ. ಮೇಲಿನವರ ಬಳಿ ಹೋದಾಗ ಅವನೂ ಹೆಂಗಸರ ಜೊತೆಗೆ ಬಂದ.

ಸ್ಟ್ಯಾಂಡುಗಳು ಕೂಡಲೇ ಬರಲಿಲ್ಲ. ಎರಡು ಮೂರು ಸಲ ಕೇಳಬೇಕಾಯಿತು. ಆದರೆ ಬಂದವು. ಈಗ ಪ್ರತಿ ಮೇಜಿನ ತುದಿಗೂ ಒಂದು ಸ್ಟ್ಯಾಂಡ್ ಇದೆ. ಒಬ್ಬೊಬ್ಬರಿಗೂ ಅವರವರ ಚಾಕು ಇದೆ. ಕೈ ಬಿಟ್ಟರೆ ಚಾಕು ಸ್ಟ್ಯಾಂಡಿಗೆ, ನೀರಿಗಂತೂ ಅಲ್ಲವೇ ಅಲ್ಲ. ಯಾರಿಗಾದರೂ ತಾಗಿದರೆ ಬೇಕೋ ಬೇಡವೋ ಎಂದು ಕೇಳುವುದಿಲ್ಲ. ಗಾಡಿ ಮೊದಲು ಆಸ್ಪತ್ರೆಗೆ, ಆಮೇಲೆ ಲೋಡಿಗೆ.

ನಯನಾಳಿಗೆ ಪ್ಯಾಕಿಂಗ್ ಕಡೆ ಕೆಲಸ ಕೊಟ್ಟಿದ್ದಾರೆ. ಪೊಟ್ಟಣಕ್ಕೆ ಚೀಟಿ ಅಂಟಿಸುವುದು. ಎಡಗೈಯಲ್ಲಿ ಕಲಿತುಕೊಂಡಿದ್ದಾಳೆ. ನಿಧಾನ. ಗಾಜಿನ ಗೋಡೆಯಾಚೆ ಪುಷ್ಪಾ ಕಾಣುತ್ತಾಳೆ. ಇಬ್ಬರೂ ಈಗ ಎದುರುಬದುರು ನಿಂತು ಕೆಲಸ ಮಾಡುವುದಿಲ್ಲ.

ಮೊನ್ನೆ ಪಕ್ಕದ ಮನೆಯ ವಿಶಾಲಮ್ಮ ಕಾಲಿಗೆ ಗುದ್ದಲಿ ತಗುಲಿಸಿಕೊಂಡು, ಕುಂಟುತ್ತಾ ಬಂದು ಬಾಗಿಲಲ್ಲಿ ಕೂಗಿದಳು: "ಭೂತಮ್ಮಾ, ಒಂದು ಹಿಡಿ ಕಾಫಿಪುಡಿ ಕೊಡವ್ವ!"

"ಕುಡಿಯಾಕಾದ್ರೆ ಕೊಡ್ತೀನಿ, ಗಾಯಕ್ಕೆ ಕೊಡಲ್ಲ" ಎಂದಳು ಭೂತಮ್ಮ. ಒಗೆದ ಬಟ್ಟೆ ತಂದು ಗಾಯಕ್ಕೆ ಒತ್ತಿಹಿಡಿದಳು. "ಕಾಲ್ಬೆರಳು ಮಡಚು, ನೋಡಾಣ. ಎಲ್ಲಾನೂ. ಮಡಚಿದ್ರೂ ಸರಿ, ಮಡಚದಿದ್ರೂ ಸರಿ, ಆಸ್ಪತ್ರೆಗೆ ನಡಿ. ಧರ್ಮಾ, ಬೈಕ್ ತೆಗೀಲಾ!"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದನ್ನು ಓದುತ್ತಿರುವ ನೀವು ಕೋಳಿ ಫ್ಯಾಕ್ಟರಿಯಲ್ಲೇ ಇರಬಹುದು, ಮೀನಿನ ಮೇಜಿನ ಮುಂದೆ ಇರಬಹುದು, ಮಾಂಸದ ಅಂಗಡಿಯಲ್ಲಿರಬಹುದು. ಚಾಕುವನ್ನು ನೀರಿನಲ್ಲಿ, ಮಾಂಸದ ಅಡಿಯಲ್ಲಿ, ಬಟ್ಟೆಯ ಕೆಳಗೆ, ಕಣ್ಣಿಗೆ ಕಾಣದ ಯಾವ ಜಾಗದಲ್ಲೂ ಇಡಬೇಡಿ. ಇಡಲು ಜಾಗವಿಲ್ಲದಿದ್ದರೆ ಒಬ್ಬರೇ ಗೊಣಗಬೇಡಿ, ಎಲ್ಲರೂ ಸೇರಿ ಕೇಳಿ. ಗಾಯವಾದರೆ ಪುಡಿ ಹಾಕಬೇಡಿ. ಹರಿಯುವ ಶುದ್ಧ ನೀರಿನಲ್ಲಿ ತೊಳೆದು, ಶುದ್ಧ ಬಟ್ಟೆ ಒತ್ತಿಹಿಡಿದು ಆಸ್ಪತ್ರೆಗೆ ಹೋಗಿ. ಬೆರಳು ಮಡಚದಿದ್ದರೆ, ಜೋಮು ಹಿಡಿದಿದ್ದರೆ ಒಂದು ಗಳಿಗೆಯೂ ತಡಮಾಡಬೇಡಿ. ಎಲ್ಲಿ, ಹೇಗೆ ಆಯಿತೆಂದು ನಿಜವನ್ನೇ ಹೇಳಿ.

ಈ ಹಾಳೆಯನ್ನು ಕೆಳಗಿಡುವ ಮೊದಲು ಒಂದು ಸಲ ನಿಮ್ಮ ಬಲಗೈ ಹೆಬ್ಬೆರಳನ್ನು ಮಡಚಿ ನೋಡಿ. ಪೂರ್ತಿ ಮಡಚಿತಲ್ಲವೇ? ನಯನಾಳದೂ ಹೀಗೇ ಮಡಚುತ್ತಿತ್ತು.